ಚೀಟಿ ಬಟ್ಟೆಯ ಎರಡನೆಯ ಜನ್ಮ

ನಮ್ಮ ಧಾರವಾಡದ ಕಡೆಯ ಮನೆಗಳಲ್ಲಿ ಚೀಟಿ ಬಟ್ಟೆಗೆ ಎರಡು ಜನ್ಮಗಳುಂಟು. ಮೊದಲನೆಯದರಲ್ಲಿ ಅದು ಹುಡುಗಿಯ ಪರಕಾರವಾಗಿ, ಕೂಸಿನ ಕುಂಚಿಗೆಯಾಗಿ, ತಾಯಿಯ ನಿತ್ಯದ ಸೀರೆಯಾಗಿ ಹಬ್ಬ ಹುಣ್ಣಿಮೆಗಳನ್ನು ಕಾಣುತ್ತದೆ. ಬಣ್ಣ ಮಾಸಿ, ನೂಲು ಜಾಳಾಗಿ, ಇನ್ನು ಮೈಗೆ ಸಲ್ಲದೆಂದು ಬದಿಗೆ ಸರಿದ ಮೇಲೆ ಕೌದಿಯಲ್ಲಿ ಅದಕ್ಕೆ ಮರುಹುಟ್ಟು. ಅಂಗಡಿಯಲ್ಲಿ ಬಟ್ಟೆಯನ್ನು ಆರಿಸುವಾಗ ನಾವು ಮೊದಲನೆಯ ಜನ್ಮವನ್ನಷ್ಟೆ ಎಣಿಸುತ್ತೇವೆ. ನಮ್ಮ ತಾಯಂದಿರು ಎರಡನ್ನೂ ಎಣಿಸುತ್ತಿದ್ದರು. ಸೆರಗನ್ನು ಬೆರಳುಗಳ ನಡುವೆ ಹೊಸಕಿ ನೋಡಿ, “ಇದು ಒಗೆತಕ್ಕೆ ಮೆತ್ತಗಾಗುತ್ತದೆ” ಎಂದು ಅವರು ನುಡಿದರೆ ಆ ಮಾತಿನಲ್ಲಿ ಮುಂದಿನ ಇಪ್ಪತ್ತು ವರ್ಷಗಳ ಲೆಕ್ಕವಿರುತ್ತಿತ್ತು.

ಚೀಟಿ ಎಂದೊಡನೆ ಇಂದಿನ ತರುಣರಿಗೆ ಹಣದ ಚೀಟಿಯೋ ಔಷಧದ ಚೀಟಿಯೋ ನೆನಪಾದರೆ ಆಶ್ಚರ್ಯವಿಲ್ಲ. ಬಟ್ಟೆಯ ಚೀಟಿಯ ಕುಲವೇ ಬೇರೆ. ಅದು ಹಿಂದಿಯ ಛೀಂಟ್ ಶಬ್ದದ ಬಂಧು. ಚಿಮುಕಿಸಿದ ಹನಿ, ಚುಕ್ಕೆ ಎಂಬುದು ಅದರ ಹಿಂದಿರುವ ಅರ್ಥ. ಇದೇ ಶಬ್ದ ಹಡಗು ಹತ್ತಿ ಇಂಗ್ಲಿಷಿನಲ್ಲಿ ಚಿಂಟ್ಸ್ ಆಯಿತು, ಡಚ್ಚರ ಬಾಯಲ್ಲಿ ಸಿಟ್ಸ್ ಆಯಿತು. ಶಬ್ದಕ್ಕಿಂತ ಮೊದಲೇ ಸರಕು ಕಡಲು ದಾಟಿತ್ತು. ಹಳೆಯ ಕೈರೋ ನಗರದ ಭಾಗವಾದ ಫುಸ್ತಾತಿನಲ್ಲಿ ಅಚ್ಚೊತ್ತಿದ ಹತ್ತಿ ಬಟ್ಟೆಯ ತುಂಡುಗಳು ದೊರೆತಿವೆ. ಅವುಗಳಲ್ಲಿ ಬಹುಪಾಲು ಮಧ್ಯಯುಗದ ಗುಜರಾತಿನವು. ಅರಮನೆಯ ಉಡುಪುಗಳಲ್ಲ ಅವು. ಉಟ್ಟು, ಹರಿದು, ತೇಪೆ ಹಾಕಿಸಿಕೊಂಡು ಎಸೆಯಲ್ಪಟ್ಟ ಚಿಂದಿಗಳು. ಚಿಂದಿಯೇ ಇಲ್ಲಿ ಇತಿಹಾಸದ ಸಾಕ್ಷಿಯಾಗಿ ನಿಂತಿದೆ.

ನಮ್ಮ ನಾಡಿನ ಈ ಬಟ್ಟೆಯನ್ನು ಜಗತ್ತು ಬಯಸಿದ್ದು ಅದರ ಹೂಬಳ್ಳಿಗಾಗಿ ಮಾತ್ರವಲ್ಲ. ಒಗೆದರೂ ಬಿಡದ ಬಣ್ಣಕ್ಕಾಗಿ. ಆ ಬಣ್ಣದ ಗುಟ್ಟು ಸ್ವಾರಸ್ಯವಾದದ್ದು. ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ಅದ್ದಿ ಒಣಗಿಸುವರು. ಹಾಲಿನ ಜಿಡ್ಡು ಇರುವುದರಿಂದ ಮೇಲೆ ಬರೆದ ಗೆರೆ ಹರಡುವುದಿಲ್ಲ. ಕಪ್ಪು ಗೆರೆಗೆ ಬೆಲ್ಲದ ನೀರಿನಲ್ಲಿ ಕಬ್ಬಿಣವನ್ನು ದಿನಗಟ್ಟಲೆ ನೆನೆಹಾಕಿದ ರಸ. ಕೆಂಪು ಬೇಕಾದೆಡೆ ಪಟಿಕದ ನೀರು. ಪಟಿಕ ಬಳಿದ ಜಾಗ ಆಗ ಕಣ್ಣಿಗೆ ಬಹುಮಟ್ಟಿಗೆ ಬರಿದಾಗಿಯೇ ಕಾಣುತ್ತದೆ. ಬೇರಿನ ಬಣ್ಣದಲ್ಲಿ ಕುದಿಸಿದಾಗ ಮಾತ್ರ ಪಟಿಕ ತಾಗಿದ ಕಡೆ ಕೆಂಪು ಕಚ್ಚಿ ನಿಲ್ಲುತ್ತದೆ. ಉಳಿದ ಕಡೆಯದು ಒಗೆದು ಬಿಸಿಲಿಗೆ ಹಾಕಿದರೆ ಬಿಟ್ಟು ಹೋಗುತ್ತದೆ. ಶ್ರೀಕಾಳಹಸ್ತಿಯಲ್ಲಿ ಕಲಮಿನಿಂದ ಬರೆಯುವವರೂ ಮಚಲಿಪಟ್ಟಣದಲ್ಲಿ ಮರದ ಅಚ್ಚಿನಿಂದ ಒತ್ತುವವರೂ ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿದ್ದಾರೆ.

ಹದಿನೇಳನೆಯ ಶತಮಾನದ ಯುರೋಪು ಈ ಬಟ್ಟೆಗೆ ಮರುಳಾಯಿತು. ಅಲ್ಲಿಯ ನೇಕಾರರು ಕಂಗೆಟ್ಟರು. ಫ್ರಾನ್ಸು 1686ರಲ್ಲಿ ಅಚ್ಚಿನ ಬಟ್ಟೆಯನ್ನು ನಿಷೇಧಿಸಿತು. ಆ ನಿಷೇಧ 1759ರ ವರೆಗೆ ನಡೆಯಿತು. ಲಂಡನ್ನಿನಲ್ಲಿ 1719ರಲ್ಲಿ ನೇಕಾರರು ಬೀದಿಗಿಳಿದು, ಚೀಟಿ ಉಟ್ಟ ಹೆಂಗಸರ ಮೈಮೇಲಿನ ಬಟ್ಟೆಯನ್ನೇ ಹರಿದರು. 1721ರಲ್ಲಿ ಪಾರ್ಲಿಮೆಂಟು ಬಹುಪಾಲು ಅಚ್ಚಿನ ಹತ್ತಿ ಬಟ್ಟೆಯನ್ನು ಉಡುವುದನ್ನೂ ಮನೆಯಲ್ಲಿ ಬಳಸುವುದನ್ನೂ ತಡೆಯಿತು; ಆ ಶಾಸನ ತೊಲಗಿದ್ದು 1774ರಲ್ಲಿ. ಇಷ್ಟಾದರೂ ಹೆಂಗಸರ ಪ್ರೀತಿ ತಗ್ಗಲಿಲ್ಲ. ದುರ್ಲಭವಾದ ಚೀಟಿಯ ಹೂಗಳನ್ನೂ ಹಕ್ಕಿಗಳನ್ನೂ ಒಂದೊಂದಾಗಿ ಕತ್ತರಿಸಿ, ಬಿಳಿಯ ಬಟ್ಟೆಯ ಮೇಲೆ ಹರಡಿ ಹೊಲಿದು ಹಾಸಿಗೆಯ ಹೊದಿಕೆ ಮಾಡುವ ಒಂದು ಕಲೆಯೇ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಬೆಳೆಯಿತು. ಅಂಗೈಯಗಲದ ಚೀಟಿಯಿಂದ ಒಂದು ಮಂಚವನ್ನೆಲ್ಲ ತೋಟವಾಗಿಸುವ ಜಾಣ್ಮೆ ಅದು. ನಮ್ಮ ಅಜ್ಜಿಯರು ಇದನ್ನು ಕಂಡಿದ್ದರೆ ಭಾಷೆ ತಿಳಿಯದಿದ್ದರೂ ಕೆಲಸ ತಿಳಿಯುತ್ತಿತ್ತು.

ಇನ್ನು ನಮ್ಮ ಮನೆಗೆ ಬರೋಣ. ನನ್ನ ಬಾಲ್ಯದಲ್ಲಿ, ಎಂದರೆ 1980ರ ದಶಕದಲ್ಲಿ, ದೀಪಾವಳಿಯ ಮುಂಚೆ ಒಂದೇ ಥಾನಿನಿಂದ ಮೂರು ಮಕ್ಕಳಿಗೂ ಬಟ್ಟೆ ಹರಿಸುವ ಪದ್ಧತಿಯಿತ್ತು. ಅಕ್ಕಂದಿರಿಬ್ಬರ ಪರಕಾರ, ನನ್ನ ಅಂಗಿ, ಉಳಿದ ತುಂಡಿನಲ್ಲಿ ದಿಂಬಿನ ಚೀಲ, ಎಲ್ಲದರಲ್ಲೂ ಒಂದೇ ಹೂ. ನೆಂಟರ ಮನೆಗೆ ಹೋದರೆ ನಾವು ಯಾರ ಮಕ್ಕಳೆಂದು ಯಾರೂ ಕೇಳಬೇಕಿರಲಿಲ್ಲ. ಅಮ್ಮನ ಕೈಯ ಹೊಲಿಗೆಯಂತ್ರ ನೆಲದ ಮೇಲೆ ಕೂತು ಬಲಗೈಯಲ್ಲಿ ತಿರುಗಿಸುವಂಥದು. ಯಂತ್ರಗಳ ವಿಷಯದಲ್ಲಿ ಅಷ್ಟು ಕಟುವಾಗಿದ್ದ ಗಾಂಧೀಜಿಯವರೂ 1924ರಲ್ಲಿ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಅದು ಮನೆಯೊಳಗಿನ ದುಡಿಮೆಯನ್ನು ಕಸಿಯದೆ ಹಗುರಮಾಡುತ್ತದೆಂಬುದನ್ನು ಆ ಯಂತ್ರದ ಮುಂದೆ ಕೂತವರೆಲ್ಲ ಬಲ್ಲರು.

ಚೀಟಿಯನ್ನು ಕತ್ತರಿಸುವುದು ಸಾದಾ ಬಟ್ಟೆಯನ್ನು ಕತ್ತರಿಸಿದಂತಲ್ಲ. ಅಚ್ಚಿಗೆ ತಲೆ ಬುಡ ಉಂಟು. ಹೂ ಮೇಲ್ಮುಖವಾಗಿರಬೇಕು, ಹಕ್ಕಿ ತಲೆಕೆಳಗಾಗಬಾರದು. ಎರಡು ಭಾಗಗಳು ಕೂಡುವ ಕಡೆ ಬಳ್ಳಿ ತುಂಡಾಗಬಾರದು. ಹೀಗೆ ಹೊಂದಿಸಹೋದರೆ ಬಟ್ಟೆ ಹೆಚ್ಚು ಬೇಕು. ಉಳಿಸಹೋದರೆ ಬಳ್ಳಿ ಮುರಿಯುತ್ತದೆ. ಎದೆಯ ಮೇಲೆ ಬಳ್ಳಿಯನ್ನು ಕೂಡಿಸಿ, ಕಂಕುಳಿನಲ್ಲಿ ಮುರಿಯಗೊಟ್ಟು ಅಮ್ಮ ರಾಜಿಮಾಡಿಕೊಳ್ಳುತ್ತಿದ್ದಳು. ಪರಕಾರದ ಕೆಳಗೆ ಮೂರು ಮಡಿಕೆಗಳನ್ನು ಹೊಲಿದಿಡುವಳು. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಹುಡುಗಿಯೊಡನೆ ಪರಕಾರವೂ ಬೆಳೆಯುವುದು. ಬಿಚ್ಚಿದ ಕಡೆ ಬಣ್ಣ ಹೊಸದಾಗಿ, ಮಿಕ್ಕದ್ದು ಮಾಸಲಾಗಿ, ಒಂದೊಂದು ವರ್ಷಕ್ಕೆ ಒಂದೊಂದು ಪಟ್ಟೆ ಕಾಣುವುದು. ನನ್ನ ಹಿರಿಯಕ್ಕನ ಎತ್ತರವನ್ನು ನಮ್ಮ ಮನೆಯ ಗೋಡೆಯ ಮೇಲೆ ಯಾರೂ ಗುರುತು ಹಾಕಲಿಲ್ಲ. ಪರಕಾರದ ಮೇಲೆ ಅದು ತಾನಾಗಿ ಮೂಡಿತ್ತು.

ಇದೆಲ್ಲ ಸವೆದ ಮೇಲೆ ಕೌದಿಯ ಸರದಿ. ಹಳೆಯ ಧೋತರವನ್ನೋ ಸೀರೆಯನ್ನೋ ನೆಲಕ್ಕೆ ಹಾಸಿ, ಅದರ ಮೇಲೆ ಎರಡು ಮೂರು ಪದರ ಹಳೆಯ ಬಟ್ಟೆ ಹರಡಿ, ಎಲ್ಲಕ್ಕೂ ಮೇಲೆ ಆರಿಸಿದ ತುಂಡುಗಳನ್ನು ಜೋಡಿಸುವರು. ಇಳಕಲ್ಲ ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣದ ಚೂರು, ಪರಕಾರದ ಹೂ, ಅಪ್ಪನ ಅಂಗಿಯ ಗೆರೆ, ಇವು ಒಂದರ ಮಗ್ಗುಲಲ್ಲಿ ಒಂದು ಬಂದು ಕೂಡುತ್ತವೆ. ದಪ್ಪ ದಾರದ ಸೂಜಿ ಮುಳುಗಿ ಎದ್ದು, ಮುಳುಗಿ ಎದ್ದು, ಬೆರಳಗಲದ ಅಂತರದಲ್ಲಿ ಸಾಲು ಸಾಲಾಗಿ ಸಾಗುತ್ತದೆ. ಹೊಲಿಗೆ ಸಾದಾ, ಸಾಲುಗಳ ಎಣಿಕೆಯೇ ದಣಿಸುವಂಥದು. ಎರಡು ಮೂರು ಜನ ಸುತ್ತ ಕೂತರೆ ಕೆಲಸವೂ ಸಾಗುವುದು, ಮಾತೂ ಸಾಗುವುದು. ಮನೆಯವರಿಗೆ ಬಿಡುವಿಲ್ಲದಲ್ಲಿ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ಬರುತ್ತಿದ್ದರು. ಕಾಳು, ಹಣ, ಒಂದು ಹೊತ್ತಿನ ಊಟ ಅವರ ಕೂಲಿ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನಲ್ಲಿ ನೆಲಸಿರುವ ಸಿದ್ದಿ ಹೆಂಗಸರು ಇದೇ ಕೌದಿಯನ್ನು ಕವಂದಿ ಎನ್ನುತ್ತಾರೆ. ಆಫ್ರಿಕದಿಂದ ಬಂದವರ ಸಂತತಿ ಅವರು. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಉಂಟು. ಅವರ ಹೊಲಿಗೆ ಒಂದು ಮೂಲೆಯಿಂದ ಹೊರಟು ಅಂಚನ್ನು ಸುತ್ತುತ್ತ ಸುತ್ತುತ್ತ ನಡುವಿಗೆ ಸೇರುತ್ತದೆ. ತುಂಡುಗಳನ್ನು ಮೊದಲೇ ಜೋಡಿಸಿಡದೆ ಹೊಲಿಯುತ್ತ ಹೊಲಿಯುತ್ತ ಸೇರಿಸುವುದೂ ಉಂಟು. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಸಣ್ಣ ‘ಫುಲ’, ಎಂದರೆ ಹೂ. ಫುಲವಿಲ್ಲದ ಕವಂದಿ ಬತ್ತಲೆಯಂತೆ! ಮೈ ಮುಚ್ಚುವ ವಸ್ತುವಿಗೂ ಮಾನವುಂಟೆಂದು ಬಗೆದ ಈ ಮಾತಿಗಿಂತ ಮಿಗಿಲಾದ ಅಲಂಕಾರಶಾಸ್ತ್ರವನ್ನು ನಾನು ತರಗತಿಯಲ್ಲಿ ಹೇಳಿದ್ದುಂಟೋ ಇಲ್ಲವೋ ಅರಿಯೆ.

ಕನ್ನಡ ಸಾಹಿತ್ಯದಲ್ಲಿ ಸೂಜಿಗೆ ಗೌರವದ ಸ್ಥಾನವಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ. ಬೊಂತಾದೇವಿ ಇದ್ದಾಳೆ, ಬೊಂತೆಯೆಂದರೆ ಕೌದಿಯೇ. ಎಲ್ಲವನ್ನೂ ತೊರೆದು ದಿಗಂಬರೆಯಾಗಿ ನಡೆದ ಈ ಶರಣೆಗೆ ಶಿವನು ಬೊಂತೆಯನ್ನು ಕೊಟ್ಟನೆಂದೂ ಅದರಿಂದಲೇ ಆ ಹೆಸರು ಬಂದಿತೆಂದೂ ಐತಿಹ್ಯ. ಕೊಡುವವನು ಶಿವ, ಪೀತಾಂಬರವನ್ನೇ ಕೊಡಬಹುದಾಗಿತ್ತು. ಕೌದಿಯನ್ನು ಕೊಟ್ಟನೆಂದು ಕಥೆ ಕಟ್ಟಿದ ಜನರು ಕೌದಿಯ ಬೆಲೆಯನ್ನು ಬಲ್ಲವರಾಗಿದ್ದರು.

ಈ ಬೆಲೆಯ ಪ್ರಶ್ನೆ ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೂ ಎದ್ದಿತು. ಅಮ್ಮ ತೀರಿಹೋದ ವರ್ಷ ತುಂಬಿದ ಮೇಲೆ ಅಕ್ಕಂದಿರು ಅವಳ ಪೆಟ್ಟಿಗೆಯನ್ನು ತೆರೆದರು. ರೇಷ್ಮೆಯ ಸೀರೆಗಳನ್ನು ಹಂಚಿಕೊಳ್ಳುವುದಕ್ಕೆ ಯಾರಿಗೂ ತೊಡಕಾಗಲಿಲ್ಲ. ಉಳಿದವು ನಿತ್ಯದ ಸೀರೆಗಳು. ಅವನ್ನು ಹಾಗೆಯೇ ಇಡಬೇಕೆಂದು ಚಿಕ್ಕಕ್ಕನ ಹಟ. ಅವುಗಳಲ್ಲಿ ಅಮ್ಮನ ವಾಸನೆ ಇನ್ನೂ ಇತ್ತು. ಕೌದಿ ಹೊಲಿಯೋಣವೆಂದು ಹಿರಿಯಕ್ಕ. “ಅವ್ವನ ಸೀರೆಗೆ ಕತ್ತರಿ ಹಾಕುತ್ತೀಯಾ?” ಎಂದು ಚಿಕ್ಕಕ್ಕ ಅತ್ತಳು. ಹಿರಿಯಕ್ಕ ಸಾವಕಾಶವಾಗಿ ಹೇಳಿದಳು: “ಪೆಟ್ಟಿಗೆಯಲ್ಲಿಟ್ಟರೆ ನುಸಿ ತಿನ್ನುತ್ತದವ್ವಾ, ಹೊಲಿದರೆ ಮೊಮ್ಮಕ್ಕಳು ಹೊದೆಯುತ್ತಾರೆ.” ಎರಡು ದಿನ ಅವರು ಒಬ್ಬರೊಡನೊಬ್ಬರು ಮಾತನಾಡಲಿಲ್ಲ. ಮೂರನೆಯ ದಿನ ಚಿಕ್ಕಕ್ಕನೇ ಒಂದು ಸೀರೆಯನ್ನು ಎತ್ತಿಟ್ಟುಕೊಂಡು ಮಿಕ್ಕವನ್ನು ನೆಲಕ್ಕೆ ಹರಡಿದಳು.

ಹರಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಪೆಟ್ಟಿಗೆಯ ತಳದಲ್ಲಿದ್ದವೆಲ್ಲ ನೂಲಿನ ಚೀಟಿ ಸೀರೆಗಳು; ಮೇಲಿನವು ಬಹುಪಾಲು ಪಾಲಿಯೆಸ್ಟರ್. ಭೂಮಿಯ ಪದರಗಳನ್ನು ನೋಡಿ ಕಾಲವನ್ನು ಹೇಳುವಂತೆ ಆ ಪೆಟ್ಟಿಗೆಯಿಂದಲೂ ಕಾಲವನ್ನು ಹೇಳಬಹುದಾಗಿತ್ತು. ಪಾಲಿಯೆಸ್ಟರಿಗೆ ಬಣ್ಣ ಮಾಸಿರಲಿಲ್ಲ, ಮಡಿಕೆ ಮುರಿದಿರಲಿಲ್ಲ. ಆದರೆ ಕೌದಿಗೆ ಅದು ಒಗ್ಗಲಿಲ್ಲ. ಪದರದ ಮೇಲೆ ಪದರ ಜಾರುತ್ತದೆ, ಬೆವರನ್ನು ಹೀರುವುದಿಲ್ಲ, ನೂರು ಸಲ ಒಗೆದರೂ ಮೆತ್ತಗಾಗುವುದಿಲ್ಲ. ನೂಲಿನ ಐದು ಸೀರೆಗಳಿಂದ ಎರಡು ಕೌದಿಗಳಾದವು. ಉಳಿದವು ಇಂದಿಗೂ ಪೆಟ್ಟಿಗೆಯಲ್ಲಿವೆ.

ಕೌದಿ ಮರೆಯಾಗುತ್ತಿರುವುದಕ್ಕೆ ಹೆಂಗಸರ ಬಿಡುವಿಲ್ಲದ ಬದುಕನ್ನೂ ಪೇಟೆಯ ಅಗ್ಗದ ರಗ್ಗನ್ನೂ ಕಾರಣವಾಗಿ ಹೇಳುವುದುಂಟು. ಎರಡೂ ನಿಜವೇ. ಆದರೆ ಬಟ್ಟೆಯ ಗುಣವೇ ಬದಲಾದುದನ್ನು ಗಮನಿಸಿದವರು ಕಡಮೆ. ಹಳತಾಗಬಲ್ಲ ಬಟ್ಟೆಯಿಂದ ಮಾತ್ರ ಕೌದಿಯಾದೀತು. ಹಳತಾಗುವುದೆಂದರೆ ಕೆಡುವುದೆಂದು ನಾವು ತಿಳಿದಿದ್ದೇವೆ. ನೂಲಿನ ಬಟ್ಟೆಗೆ ಅದು ಹದಗೊಳ್ಳುವುದು. ಹುಟ್ಟಿದ ಕೂಸನ್ನು ಹೊಸ ಬಟ್ಟೆಯಲ್ಲಿ ಸುತ್ತದೆ ಅಜ್ಜಿಯ ಹಳೆಯ ಸೀರೆಯಲ್ಲಿ ಸುತ್ತುವ ಪದ್ಧತಿಯಲ್ಲಿ ಈ ತಿಳಿವಳಿಕೆಯಿದೆ.

ಈಗ ನಗರಗಳ ಪ್ರದರ್ಶನಗಳಲ್ಲಿ ಹೊಸ ಚೀಟಿಯಿಂದ ಹೊಲಿದ ಕೌದಿಗಳು ಬರುತ್ತಿವೆ. ಇದು ಕೌದಿಯೇ ಅಲ್ಲವೆಂದು ಮೂಗು ಮುರಿಯುವವರೂ ಉಂಟು. ನನಗೆ ಹಾಗೆ ತೋರುವುದಿಲ್ಲ. ಇಷ್ಟು ಕಾಲ ಊಟಕ್ಕೂ ಕಾಳಿಗೂ ಹೊಲಿದ ಕೈಗಳಿಗೆ ಅದರಿಂದ ಕಾಸು ದೊರೆಯುವುದಾದರೆ ಸಂತೋಷ. ಚೌಕಾಸಿ ಮಾಡುವ ಮುನ್ನ ಅದರ ಹೊಲಿಗೆಯ ಸಾಲುಗಳನ್ನು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು. ಅರ್ಧ ಎಣಿಸುವಷ್ಟರಲ್ಲಿ ಚೌಕಾಸಿಯ ಮನಸ್ಸು ಇಳಿದುಹೋಗುತ್ತದೆ. ಆದರೆ ಮಾರುವ ಕೌದಿ ಮಾತ್ರ ಉಳಿದು ಮನೆಯ ಕೌದಿ ಹೋದರೆ, ಉಟ್ಟ ಬಟ್ಟೆಯ ಎರಡನೆಯ ಜನ್ಮ ತಪ್ಪುತ್ತದೆ. ಅಮ್ಮ ಉಟ್ಟುದನ್ನು ಮೊಮ್ಮಗಳು ಹೊದೆಯುವ ದಾರಿ ಅಲ್ಲಿಗೆ ಕಡಿಯುತ್ತದೆ. ಅದನ್ನು ಯಾವ ಅಂಗಡಿಯೂ ಮಾರಲಾರದು.

ಆದುದರಿಂದ ವಾಚಕರಲ್ಲಿ ನನ್ನದೊಂದು ಸಣ್ಣ ಕೋರಿಕೆ. ಮುಂದಿನ ಹಬ್ಬಕ್ಕೆ ಮಕ್ಕಳ ಬಟ್ಟೆಯನ್ನು ಕೊಳ್ಳುವಾಗ ಕಣ್ಣಿಗೊಪ್ಪುವ ಚೀಟಿಯನ್ನು ಆರಿಸಿರಿ, ಆದರೆ ಅದು ನೂಲಿನದಾಗಿರಲಿ. ಯಂತ್ರವಿದ್ದರೆ ಮನೆಯಲ್ಲಿಯೇ ಹೊಲಿಯಿರಿ. ಇಲ್ಲವಾದರೆ ದರ್ಜಿಯಿಂದ ಉಳಿದ ತುಂಡುಗಳನ್ನು ಕೇಳಿ ತನ್ನಿರಿ. ಸವೆದುದನ್ನು ಎಸೆಯದೆ ಒಗೆದು ಒಂದು ಗಂಟಿನಲ್ಲಿ ಕಟ್ಟಿಡಿರಿ. ಕೌದಿ ಹೊಲಿಯಬಲ್ಲ ಹಿರಿಯರು ನಿಮ್ಮ ಬೀದಿಯಲ್ಲಿ ಒಬ್ಬರಾದರೂ ಇರಬಹುದು. ಅವರ ಕಣ್ಣಿಗೆ ಸೂಜಿಯ ಕಣ್ಣು ಇನ್ನೂ ಕಾಣುತ್ತಿರುವಾಗಲೇ ಮಗಳನ್ನೋ ಮಗನನ್ನೋ ಅವರ ಮಗ್ಗುಲಲ್ಲಿ ಕೂಡಿಸಿರಿ. ದಾರ ಪೋಣಿಸಿಕೊಡುವುದರಿಂದ ಮೊದಲಾದರೂ ಸಾಕು.