ಲಸಿಕೆ ಸಾಲಲ್ಲಿ ಒಂದು ಚಿತ್ರಪುಸ್ತಕ

ಕಡೂರಿಂದ ಬೀರೂರಿಗೆ ಬಸ್ಸಲ್ಲಿ ಹೋಗ್ತಿರೋರಿಗೂ, ತರೀಕೆರೆಯ ಅಡಿಕೆ ತೋಟದಲ್ಲಿ ಇಯರ್‌ಫೋನ್ ಹಾಕ್ಕೊಂಡಿರೋರಿಗೂ, ಅಜ್ಜಂಪುರದ ಈರುಳ್ಳಿ ಹೊಲದ ಬದುವಲ್ಲಿ ಕೂತಿರೋರಿಗೂ ಸ್ವಾಗತ. ಇವತ್ತಿನ ಪ್ರಶ್ನೆ ಇದು: ಇನ್ನೂ ಮಾತೇ ಬಾರದ ಮಗುವಿಗೆ ಪುಸ್ತಕ ಯಾಕೆ? ಅದನ್ನ ಡಾಕ್ಟರ್ ಯಾಕೆ ಹೇಳಬೇಕು?

ಮೊದಲು ನಮ್ಮನೆ ಕಥೆ ಹೇಳ್ತೀನಿ. ಅಕ್ಕನ ಮಗನಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ದಡಾರ-ರುಬೆಲ್ಲಾ ಎರಡನೇ ಡೋಸ್ ಹಾಕಿಸೋಕೆ ನಾನೂ ಜೊತೆಗೆ ಹೋಗಿದ್ದೆ. ಸಾಲು ಉದ್ದ ಇತ್ತು, ಪಾಪು ಹಟ ಮಾಡಿದ, ಮೊಬೈಲ್ ಕೊಟ್ಟೆ. ಆಮೇಲೆ ಎಷ್ಟು ಕರೆದರೂ ತಿರುಗಲಿಲ್ಲ. "ಮೊಬೈಲ್ ಸಿಕ್ಕರೆ ಇವನಿಗೆ ಯಾರೂ ಬೇಡ" ಅಂತ ನಾವು ನಕ್ಕೆವು.

ಸಿಸ್ಟರ್ ನಗಲಿಲ್ಲ. ಮೊಬೈಲ್ ನನಗೆ ವಾಪಸ್ ಕೊಟ್ಟು, ಮೇಜಿನ ಮೇಲಿದ್ದ ಪ್ರಾಣಿಗಳ ಚಿತ್ರಪುಸ್ತಕ ಅವನ ಕೈಗಿಟ್ಟರು. ಹಾಳೆ ಚೆನ್ನಾಗೇ ತಿರುವಿದ. ಹಿಂದಿನಿಂದ "ಹಸು ಎಲ್ಲಿ ಪುಟ್ಟಾ?" ಅಂತ ಕೇಳಿದರೆ ಅಲುಗಾಡಲಿಲ್ಲ. ಎದುರಿಗೆ ಬಂದು ಜೋರಾಗಿ ಕೇಳಿದಾಗ ಬೆರಳಿಟ್ಟು ತೋರಿಸಿದ. "ಒಂದ್ಸಲ ಕಿವಿ ತೋರಿಸಮ್ಮ" ಅಂದರು. ನೋಡಿದರೆ ಕಿವಿತಮಟೆಯ ಹಿಂದೆ ನೀರು ತುಂಬಿತ್ತು. ಚಿಕಿತ್ಸೆ ಆಯ್ತು, ನಿಧಾನಕ್ಕೆ ಮಾತೂ ಬಂತು. ನಾವು ಅದನ್ನ ಮೊಬೈಲ್ ಹುಚ್ಚು ಅಂದ್ಕೊಂಡಿದ್ವಿ!

ಅಂದರೆ ಪುಸ್ತಕ ಎರಡು ಕೆಲಸ ಮಾಡುತ್ತೆ. ಮಗುವಿಗೆ ಮಾತು ಕಲಿಸುತ್ತೆ. ಅದರ ಕಣ್ಣು, ಕಿವಿ, ಬೆರಳು ಹೇಗಿವೆ ಅಂತ ದೊಡ್ಡವರಿಗೆ ತೋರಿಸುತ್ತೆ.

ಇದನ್ನ ಆಸ್ಪತ್ರೆಯ ಪದ್ಧತಿಯಾಗಿ ಮಾಡಿದ್ದು ಅಮೆರಿಕದ ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ, 1989ರಲ್ಲಿ. ಹೆಸರು 'ರೀಚ್ ಔಟ್ ಅಂಡ್ ರೀಡ್'. ತಪಾಸಣೆಗೆ ಬಂದ ಮಗುವಿಗೆ ಡಾಕ್ಟರ್ ಒಂದು ಪುಸ್ತಕ ಕೊಡ್ತಾರೆ, ಹೇಗೆ ಓದಿ ತೋರಿಸಬೇಕು ಅಂತ ಅಪ್ಪ-ಅಮ್ಮನಿಗೆ ಹೇಳ್ತಾರೆ. 2014ರಲ್ಲಿ ಅಲ್ಲಿನ ಮಕ್ಕಳ ತಜ್ಞರ ಸಂಘವೇ, ಶೈಶವದಿಂದಲೇ ಓದಿ ಹೇಳಿ ಅಂತ ಸಲಹೆ ಕೊಡೋದು ವೈದ್ಯರ ಕೆಲಸ ಅಂದಿತು.

ಡಾಕ್ಟರೇ ಯಾಕೆ? ಮಗು ಅಂಗನವಾಡಿಯಲ್ಲಿ ಕೂತು ಕಲಿಯೋದು ಮೂರು ವರ್ಷದ ಮೇಲೆ, ಒಂದನೇ ಕ್ಲಾಸಿಗೆ ಹೋಗೋದು ಇನ್ನೂ ತಡ. ಲಸಿಕೆಗೆ ಮಾತ್ರ ಹುಟ್ಟಿದಾಗ, 6, 10, 14 ವಾರಕ್ಕೆ, 9 ತಿಂಗಳಿಗೆ, ಮತ್ತೆ 16ರಿಂದ 24 ತಿಂಗಳೊಳಗೆ ಬರಲೇಬೇಕು. 2018ರಲ್ಲಿ ಶುರುವಾದ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು 3, 6, 9, 12, 15ನೇ ತಿಂಗಳಿಗೆ ಮನೆಗೇ ಬರ್ತಾರೆ. ಮಗುವಿನ ಜೊತೆ ಆಡಿ, ಮಾತಾಡಿ ಅಂತ ಹೇಳೋದೂ ಅದರಲ್ಲಿ ಸೇರಿದೆ. ದಾರಿ ಆಗಲೇ ಇದೆ, ಪುಸ್ತಕ ಒಂದು ಸೇರಬೇಕು ಅಷ್ಟೇ.

"ಅಜ್ಜಿಗೆ ಓದೋಕೆ ಬರಲ್ಲ" ಅಂತೀರಾ? ಪರವಾಗಿಲ್ಲ. ಚಿತ್ರ ತೋರಿಸಿ ಕಥೆ ಕಟ್ಟೋಕೆ ಅಕ್ಷರ ಬೇಕಿಲ್ಲ. ಮನೆಮಾತು ಲಂಬಾಣಿ ಇರಲಿ, ಉರ್ದು ಇರಲಿ, ಅದರಲ್ಲೇ ಹೇಳಿ. ಆರು ತಿಂಗಳ ಪಾಪು ಪುಸ್ತಕ ಬಾಯಿಗೆ ಹಾಕುತ್ತೆ, ಬಯ್ಯಬೇಡಿ; ಅದು ಪುಸ್ತಕದ ಪರಿಚಯ ಮಾಡ್ಕೊಳ್ಳೋ ರೀತಿ. ದಪ್ಪ ಹಾಳೆಯದ್ದು ಕೊಡಿ. ಅದೇ ಕಥೆ ಹತ್ತು ಸಲ ಕೇಳಿದರೆ ಹತ್ತು ಸಲವೂ ಹೇಳಿ. ಎರಡು ವರ್ಷಕ್ಕೇ ಅಆಇಈ ಬರೆಸೋಕೆ ಮಾತ್ರ ಹೋಗಬೇಡಿ.

ಪುಸ್ತಕಕ್ಕೆ ನಿಮ್ಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಕೇಳಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತವಾಗಿವೆ, ಪ್ರಿಂಟ್ ತೆಗೆಸಬಹುದು. ಮೊಬೈಲಲ್ಲೇ ತೋರಿಸಬೇಡಿ, ಎರಡು ವರ್ಷದೊಳಗೆ ವಿಡಿಯೋ ಕಾಲ್ ಬಿಟ್ಟು ಸ್ಕ್ರೀನೇ ಬೇಡ ಅಂತಾರೆ ಭಾರತದ ಮಕ್ಕಳ ತಜ್ಞರು.

ಮುಂದಿನ ಸಲ ಅಕ್ಕನ ಜೊತೆ ಲಸಿಕೆಗೆ ಹೋಗುವಾಗ ತಾಯಿ ಕಾರ್ಡ್ ಜೊತೆ ಒಂದು ಪುಸ್ತಕ ಬ್ಯಾಗಿಗೆ ಹಾಕಿ. ಸಾಲಲ್ಲಿ ಕೂತಾಗ ಮೊಬೈಲ್ ಬದಲು ಅದನ್ನ ತೆಗೀರಿ. ಕರೆದರೆ ಮಗು ತಿರುಗ್ತಿಲ್ಲ ಅನ್ನಿಸಿದರೆ, ಅಲ್ಲೇ ಡಾಕ್ಟರಿಗೆ ಹೇಳಿ. ಮತ್ತೆ ಸಿಗೋಣ.