ನೀರಿಗೆ ಹೆಪ್ಪು

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಶಿವಾಜಿನಗರದಲ್ಲಿ ಬಸ್ಸಿಳಿದು ರಸೆಲ್ ಮಾರ್ಕೆಟ್ ಕಡೆ ಹೆಜ್ಜೆ ಹಾಕಿದರೆ ದಾರಿಯನ್ನು ಮೂಗೇ ಹೇಳಿಬಿಡುತ್ತದೆ. ಮೊದಲು ಮಲ್ಲಿಗೆ, ಕನಕಾಂಬರ, ಗುಲಾಬಿ. ನಾಲ್ಕು ಹೆಜ್ಜೆ ಹೋದರೆ ಕೊತ್ತಂಬರಿ ಕಟ್ಟುಗಳ ಹಸಿ ವಾಸನೆ. ಆಮೇಲೆ ಸಮೋಸಾ ಕರಿಯುವ ಎಣ್ಣೆ, ಗಾಜಿನ ಲೋಟದಲ್ಲಿ ಹೊಗೆಯಾಡುವ ಚಹಾ. ಕಡೆಗೆ, ಐಸ್ ಕರಗಿ ಕಲ್ಲುಚಪ್ಪಡಿಯ ಮೇಲೆ ಹರಿಯುವಲ್ಲಿ, ಕಡಲಿನ ಮೀನು. 1927ರಲ್ಲಿ ಕಟ್ಟಿಸಿ 1933ರಲ್ಲಿ ಉದ್ಘಾಟನೆಯಾದ ಈ ಕೆಂಪು ಕಟ್ಟಡ ಸತ್ತ ಮೀನನ್ನು ತೂಕಕ್ಕೆ ಮಾರುತ್ತಲೇ ಬಂದಿದೆ. ಜೀವಂತ ಮೀನನ್ನು ಎಣಿಸಿ ಕೊಡುವ ಅಂಗಡಿಗಳು ಅದರ ಆಸುಪಾಸಿನ ಗಲ್ಲಿಗಳಲ್ಲಿವೆ.

ಅಂಥದ್ದೊಂದು ಅಂಗಡಿಯ ಮುಂದೆ ನನ್ನ ಒಂಬತ್ತು ವರ್ಷದ ಮಗಳು ಕಾಲು ಕೀಳದೆ ನಿಂತಿದ್ದಳು. ಅಂಗಡಿಯ ಅಗಲ ಎಂಟಡಿಯೂ ಇಲ್ಲ. ಬಾಗಿಲ ಮೇಲಿನ ಕಂಬಿಗೆ ಗಾಳಿ ತುಂಬಿ ರಬ್ಬರ್‌ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲಗಳು ನೇತಾಡುತ್ತಿದ್ದವು. ಒಂದರಲ್ಲಿ ಗಪ್ಪಿ, ಇನ್ನೊಂದರಲ್ಲಿ ಮೊಲ್ಲಿ, ಮತ್ತೊಂದರಲ್ಲಿ ರೆಕ್ಕೆ ಬಿಚ್ಚಿದ ಒಂಟಿ ಫೈಟರ್. ಬಿಸಿಲು ಒಂದೊಂದು ಚೀಲವನ್ನೂ ಹಾದು ಮಗಳ ಮುಖದ ಮೇಲೆ ನಡುಗುವ ಬೆಳಕಿನ ಬಳೆಗಳನ್ನು ಬಿಡಿಸಿತ್ತು. ಒಳಗೆ ಹತ್ತಾರು ಟ್ಯಾಂಕ್‌ಗಳ ಗುಳುಗುಳು, ಏರ್ ಪಂಪ್‌ಗಳ ಒಂದೇ ಸಮನೆಯ ಗುಂಯ್ ಸದ್ದು, ಒಣ ಆಹಾರದ ಘಾಟು. ಹಿಂದಿನ ರಾತ್ರಿ ಚೆನ್ನೈನ ಕೊಳತ್ತೂರಿನಿಂದ ಬಂದಿದ್ದ ಥರ್ಮೋಕೋಲ್ ಪೆಟ್ಟಿಗೆಗಳನ್ನು ಹುಡುಗನೊಬ್ಬ ಬ್ಲೇಡಿನಿಂದ ಕೊಯ್ದು ಬಿಚ್ಚುತ್ತಿದ್ದ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಆರಿಸಿದೆವು. ಅಂಗಡಿಯ ಭಾಯ್ ಅದರ ಮೂಲೆಮೂಲೆಯ ಸಿಲಿಕಾನ್ ಅಂಟನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಹಳೆ ಪೇಪರ್ ಸುತ್ತಿ ಕೊಟ್ಟರು. ಮಗಳು ಗಪ್ಪಿಯ ಚೀಲದತ್ತ ಬೆರಳು ತೋರಿಸಿದಳು.

“ಮೀನು ಇವತ್ತು ಬೇಡ ಪುಟ್ಟಾ,” ಅಂದರು ಭಾಯ್.

“ಒಂದೇ ಒಂದು, ಅಂಕಲ್.”

“ನೀರು ಇನ್ನೂ ಕಚ್ಚಾ ಇರ್ತದೆ. ಪಕ್ಕಾ ಆಗ್ಬೇಕು. ಒಂದು ತಿಂಗಳು ಬಿಟ್ಟು ಅಪ್ಪನ್ನ ಕರ್ಕೊಂಡು ಬಾ. ಆವಾಗ ಒಳ್ಳೇದು ಆರಿಸಿ ಕೊಡ್ತೀನಿ.”

ಕೈಗೆ ಬಂದ ವ್ಯಾಪಾರವನ್ನು ಒಂದು ತಿಂಗಳು ಮುಂದೆ ಹಾಕಿದ ಆ ಮನುಷ್ಯನನ್ನು ನಾನು ಮೆಚ್ಚಿ ನೋಡಿದೆ. ಕಚ್ಚಾ ನೀರಿನ ಪಾಠ ನನಗೆ ಎಳವೆಯಲ್ಲೇ ಆಗಿತ್ತು. ಕಸ್ತೂರಬಾ ರಸ್ತೆಯ ಸರ್ಕಾರಿ ಮತ್ಸ್ಯಾಲಯಕ್ಕೆ ಅಪ್ಪ ಕರೆದುಕೊಂಡು ಹೋಗಿದ್ದ ದಿನ, ಅಲ್ಲಿನ ಮಬ್ಬುಗತ್ತಲಲ್ಲಿ ತೇಲುತ್ತಿದ್ದ ಮೀನುಗಳನ್ನು ನೋಡಿ ಹಟ ಹಿಡಿದು ಎರಡು ಗೋಲ್ಡ್‌ಫಿಷ್ ತರಿಸಿಕೊಂಡಿದ್ದೆ. ಆ ಸಂಜೆಯೇ ನಲ್ಲಿ ನೀರಿಗೆ ಬಿಟ್ಟೆ. ನೀರು ಕನ್ನಡಿಯಂತಿತ್ತು. ಮೂರನೆಯ ದಿನ ಎರಡೂ ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಐದನೆಯ ದಿನ ಅಮ್ಮ ಅವನ್ನು ದಾಸವಾಳದ ಗಿಡದ ಬುಡದಲ್ಲಿ ಹೂತರು. ಅಷ್ಟು ತಿಳಿಯಾದ ನೀರಿನಲ್ಲಿ ಅವು ಯಾಕೆ ಸತ್ತವು ಎಂಬುದು ಬಹಳ ವರ್ಷ ನನಗೆ ಒಗಟಾಗಿಯೇ ಉಳಿದಿತ್ತು.

ನಮ್ಮ ಮನೆ ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಗಂಟೆ ಕೇಳಿಸುವಷ್ಟು ದೂರದಲ್ಲಿದೆ. ನಡುಮನೆಯ ಗಟ್ಟಿ ಮೇಜಿನ ಮೇಲೆ ಟ್ಯಾಂಕ್ ಕೂತಿತು. ನೀರು ತುಂಬಿದ ಮೇಲೆ ಅದು ಐವತ್ತು ಕಿಲೋಗೂ ಮೀರಿದ ಭಾರ, ಆಮೇಲೆ ಜರುಗಿಸುವ ಮಾತಿಲ್ಲ. ಮರಳನ್ನು ಅಕ್ಕಿ ತೊಳೆದಂತೆ ಏಳೆಂಟು ಸಲ ತೊಳೆದೆವು. ಬಕೆಟ್‌ಗಳಲ್ಲಿ ಕಾವೇರಿ ನೀರು ಹಿಡಿದು ಒಂದು ದಿನ ಹಾಗೇ ಬಿಟ್ಟೆವು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಬರುವ ಈ ನೀರಿನಲ್ಲಿ ನಮ್ಮ ಹೊಟ್ಟೆ ಕೆಡದಿರಲೆಂದು ಬೆರೆಸಿದ ಕ್ಲೋರಿನ್ ಇರುತ್ತದೆ. ನಮ್ಮನ್ನು ಕಾಯುವ ಆ ಕ್ಲೋರಿನ್ನೇ ಟ್ಯಾಂಕ್‌ನಲ್ಲಿ ಬೇರೂರಬೇಕಾದ ಸೂಕ್ಷ್ಮಜೀವಿಗಳಿಗೆ ಮಾರಿ. ಅದು ಹಾರಿಹೋಗುವವರೆಗೆ ಬಕೆಟ್‌ಗಳು ಬಚ್ಚಲ ಮನೆಯಲ್ಲಿ ಸಾಲಾಗಿ ಕಾದವು.

ಸಂಜೆ ಪಂಪ್ ಹಾಕಿದೆವು. ಗುಳ್ಳೆಗಳು ಎದ್ದವು, ಪಾಚಿಕಟ್ಟದ ಹೊಸ ಗಾಜು ಹೊಳೆಯಿತು. ನಲವತ್ತು ವರ್ಷದ ಹಿಂದಿನ ಅದೇ ಕನ್ನಡಿ ನೀರು.

ಆ ತಿಳಿನೀರಿನ ಮೋಸ ಏನೆಂದರೆ, ಅದರಲ್ಲಿ ಕೊಳೆಯೂ ಇಲ್ಲ, ಕೊಳೆ ತಿನ್ನುವವರೂ ಇಲ್ಲ. ಮೀನು ಉಸಿರಾಡುತ್ತಲೇ ಕಿವಿರುಗಳಿಂದ ಅಮೋನಿಯಾ ಬಿಡುತ್ತದೆ. ತಿಂದು ಬಿಟ್ಟ ಕಾಳು, ಹಾಕಿದ ಹಿಕ್ಕೆ ಕೊಳೆತರೂ ಅಮೋನಿಯಾ. ಹೊಳೆಯಲ್ಲಾದರೆ ಅದು ಕೊಚ್ಚಿಹೋಗುತ್ತದೆ. ನಾಲ್ಕು ಗಾಜಿನ ನಡುವೆ ಎಲ್ಲಿಗೆ ಹೋದೀತು? ಕಣ್ಣಿಗೆ ಕಾಣದೆ ಅಲ್ಲೇ ಏರುತ್ತಾ ಕಿವಿರುಗಳನ್ನು ಸುಡುತ್ತದೆ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ, ಅವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟೂ ವಿಷವೇ. ಮೀನಿನ ರಕ್ತಕ್ಕೆ ಸೇರಿದರೆ ಅದನ್ನು ಕಂದು ಬಣ್ಣಕ್ಕೆ ತಿರುಗಿಸಿ, ಆಮ್ಲಜನಕ ಹೊರದಂತೆ ಮಾಡಿಬಿಡುತ್ತದೆ. ಇನ್ನೊಂದು ಬಳಗ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಉಪದ್ರವ ಕೊಡುವುದಿಲ್ಲ. ಗಿಡಗಳಿಗೆ ಅದೇ ಗೊಬ್ಬರ, ಮಿಕ್ಕಿದ್ದನ್ನು ವಾರಕ್ಕೊಮ್ಮೆ ಒಂದಷ್ಟು ನೀರು ಬದಲಿಸಿ ತೆಗೆದುಬಿಡಬಹುದು. ಈ ಎರಡು ಬಳಗಗಳು ಮರಳಿಗೆ, ಗಾಜಿಗೆ, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಸಂಸಾರ ಹೂಡುವವರೆಗೆ ಕಾಯುವುದನ್ನೇ ಅಕ್ವೇರಿಯಂ ಮಂದಿ ‘ಸೈಕ್ಲಿಂಗ್’ ಎನ್ನುತ್ತಾರೆ. ಭಾಯ್ ಹೇಳಿದ ‘ಪಕ್ಕಾ’ ಅದೇ.

ಸಂಸಾರ ಬೆಳೆಯಬೇಕಾದರೆ ಊಟ ಬೇಕು. ಮೀನಿಲ್ಲದ ನೀರಿಗೆ ಅಮೋನಿಯಾವನ್ನು ನಾವೇ ಬಡಿಸಬೇಕು. ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡುವವರಿದ್ದಾರೆ, ಒಂದು ಹಸಿ ಸೀಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುವವರೂ ಇದ್ದಾರೆ. ನಾನು ಅಳತೆ ಸಿಗಲೆಂದು ಅಮೋನಿಯಂ ಕ್ಲೋರೈಡ್ ತಂದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು, ಕಾದ ಪಾತ್ರೆಯ ಮೇಲೆ ಎಸೆದರೆ ಬುಸ್ಸೆಂದು ಬಿಳಿ ಹೊಗೆ ಏಳುವಂತೆ ಮಾಡುತ್ತಿದ್ದರಲ್ಲ, ಆ ನವಸಾಗರವೇ ಇದು. ಪ್ರಯೋಗಾಲಯಕ್ಕೆ ಮಾರುವ ಶುದ್ಧ ಪುಡಿಯನ್ನೇ ಕೊಳ್ಳಬೇಕು ಅಷ್ಟೆ. ಐವತ್ತು ಲೀಟರ್ ನೀರಿಗೆ ಒಂದು ಗ್ರಾಮಿನ ಮೂರನೇ ಒಂದು ಭಾಗ ಸಾಕು, ಲೀಟರಿಗೆ ಎರಡು ಮಿಲಿಗ್ರಾಂ ಲೆಕ್ಕದ ಅಮೋನಿಯಾ ಸಿಗುತ್ತದೆ. ಚಿನ್ನದಂಗಡಿಯ ತಕ್ಕಡಿಯಂಥ ಪುಟ್ಟ ತೂಕಯಂತ್ರದ ಮೇಲೆ ಮಗಳು ಉಸಿರು ಬಿಗಿಹಿಡಿದು ತೂಗಿದಳು.

ಊಟ ಬಡಿಸಿದ್ದಾಯಿತು, ಉಣ್ಣುವವರು? ಗಾಳಿ, ನೀರು, ಮಣ್ಣಿನಿಂದ ತಾವಾಗಿಯೇ ಬಂದು ಸೇರುತ್ತಾರೆ, ಆದರೆ ಸಾವಕಾಶವಾಗಿ. ಹಾಲು ಒಡೆಸುವ, ಅನ್ನ ಹಳಸಿಸುವ ಬ್ಯಾಕ್ಟೀರಿಯಾಗಳು ಅನುಕೂಲವಿದ್ದರೆ ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತವೆ. ಅಮೋನಿಯಾ ತಿನ್ನುವ ಈ ಸಾಧುಗಳಿಗೆ ಎರಡಾಗಲು ಅರ್ಧ ದಿನವೋ ಒಂದು ದಿನವೋ ಬೇಕು. ಆದ್ದರಿಂದಲೇ ಹೊಸ ಟ್ಯಾಂಕ್‌ಗೆ ನಾಲ್ಕರಿಂದ ಆರು ವಾರ ಹಿಡಿಯುವುದು.

ಈ ಕಾಯುವಿಕೆಯನ್ನು ಕಡಿಮೆ ಮಾಡುವ ದಾರಿ ಕೆ.ಆರ್. ಪುರದಲ್ಲಿತ್ತು. ಅಲ್ಲಿನ ನನ್ನ ಪರಿಚಯದ ಮೇಷ್ಟ್ರೊಬ್ಬರು ನಿವೃತ್ತಿಯ ನಂತರ ಮಹಡಿಯ ಕೋಣೆಯ ತುಂಬ ಮೀನು ಸಾಕಿದ್ದಾರೆ. ಅವರದು ಬೋರ್‌ವೆಲ್ ನೀರು, ಎಷ್ಟು ಗಡಸೆಂದರೆ ಪ್ರತಿ ಟ್ಯಾಂಕ್‌ನ ಅಂಚಿಗೂ ಸುಣ್ಣ ಬಳಿದಂತೆ ಬಿಳಿ ಗೆರೆ. ಅವರು ತೋಳು ಮಡಚಿ, ಹಳೆಯ ಟ್ಯಾಂಕೊಂದರ ಮೂಲೆಗೆ ಕೈಯಿಳಿಸಿ, ಮುಷ್ಟಿಗಾತ್ರದ ಕಪ್ಪು ಸ್ಪಂಜನ್ನು ಮೇಲೆತ್ತಿದರು. ಅದರಿಂದ ಕಷಾಯದ ಬಣ್ಣದ ನೀರು ತೊಟ್ಟಿಕ್ಕಿತು. ಮಗಳು ಮೂಗು ಮುಚ್ಚಿಕೊಂಡಳು.

“ವಾಸನೆ ನೋಡು ತಾಯಿ, ಕೊಳೆತ ವಾಸನೆ ಇದೆಯಾ?”

ಅವಳು ಬಗ್ಗಿ ಮೂಸಿದಳು. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ.

“ಇದು ಕೊಳೆಯಲ್ಲ, ಹೆಪ್ಪು. ನಿಮ್ಮಮ್ಮ ಹಾಲಿಗೆ ಒಂದು ಚಮಚ ಮೊಸರು ಹಾಕೋದಿಲ್ವಾ? ಹಾಗೆ. ಒಣಗಿಸಬಾರದು, ನಲ್ಲಿ ಕೆಳಗೆ ಹಿಡಿದು ತೊಳೀಬಾರದು.”

ಮೆಟ್ರೋದಲ್ಲಿ ಆ ಸ್ಪಂಜು ಮಗಳ ತೊಡೆಯ ಮೇಲಿನ ಸ್ಟೀಲ್ ಡಬ್ಬಿಯಲ್ಲಿ, ತನ್ನದೇ ನೀರಿನಲ್ಲಿ ಕೂತು ಬಂತು. ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ. ಒಂದೊಂದು ನಿಲ್ದಾಣದಲ್ಲೂ ಅವಳು ಮುಚ್ಚಳ ಸರಿಸಿ, ಒಳಗಿನವರಿಗೆ ಗಾಳಿ ಆಡಲಿ ಎಂದು ಒಂದು ಕ್ಷಣ ಬಿಟ್ಟು ಮುಚ್ಚುತ್ತಿದ್ದಳು. ಬೋಗಿಯ ತುಂಬ ಕಿವಿಗೆ ವೈರ್ ಸಿಕ್ಕಿಸಿಕೊಂಡ ಜನ. ಅವರ ನಡುವೆ ಕೋಟಿಗಟ್ಟಲೆ ಜೀವಗಳು ಟಿಕೆಟ್ಟಿಲ್ಲದೆ ಹಲಸೂರಿಗೆ ಬಂದಿಳಿದವು.

ಆಮೇಲೆ ಶುರುವಾದದ್ದು ಸಂಜೆಯ ಪೂಜೆಯಂಥ ಒಂದು ಕೆಲಸ. ದೀಪ ಹಚ್ಚುವ ಹೊತ್ತಿಗೆ ಗಾಜಿನ ನಳಿಕೆಗೆ ಐದು ಮಿಲಿಲೀಟರ್ ನೀರು, ಅದಕ್ಕೆ ಪರೀಕ್ಷಾ ದ್ರಾವಣದ ಹನಿಗಳು, ಅಲುಗಾಡಿಸಿ ಐದು ನಿಮಿಷ ಕಾಯುವುದು. ಅಮೋನಿಯಾ ಇಲ್ಲದಿದ್ದರೆ ನಿಂಬೆಹಣ್ಣಿನ ಹಳದಿ, ಇದ್ದರೆ ಹಸಿರು. ನೈಟ್ರೈಟ್ ಇಲ್ಲದಿದ್ದರೆ ಆಕಾಶನೀಲಿ, ಇದ್ದರೆ ನೇರಳೆ. ನಾಲ್ಕನೆಯ ದಿನ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಮಬ್ಬಾಯಿತು, ಬೇಗ ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳ ಗಲಾಟೆ ಅದು. ಕಾದರೆ ತಾನೇ ತಿಳಿಯಾಗುತ್ತದೆ ಎಂದಿದ್ದರು ಮೇಷ್ಟ್ರು, ಆಯಿತು. ಎಂಟನೆಯ ದಿನ ಹಸಿರು ಇಳಿದು ನೇರಳೆ ಏರಿತು. ಮಾರ್ಗಶಿರದ ಚಳಿಗೆ ನೀರು 22 ಡಿಗ್ರಿಗೆ ಇಳಿದಾಗ ಎಲ್ಲವೂ ನಿಂತಂತಾಯಿತು. ಹೀಟರ್ ಹಾಕಿ 27ಕ್ಕೆ ಏರಿಸಿದ ಮೇಲೆ ಮತ್ತೆ ಚಲನೆ ಬಂತು. ಚಳಿಗಾಲದಲ್ಲಿ ದೋಸೆಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕ ಇಡುತ್ತಿದ್ದ ಅಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಮೋನಿಯಾ, ನೈಟ್ರೈಟ್ ತಿನ್ನುವ ಈ ಜೀವಿಗಳನ್ನು ಮೊದಲು ಬೇರ್ಪಡಿಸಿ ತೋರಿಸಿದ್ದು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ, 1890ರ ಸುಮಾರಿಗೆ. ನೈಟ್ರೈಟ್ ತಿನ್ನುವವರು ನೈಟ್ರೊಬ್ಯಾಕ್ಟರ್‌ಗಳೆಂದೇ ಒಂದು ಶತಮಾನ ನಂಬಿದ್ದರು. ಅಕ್ವೇರಿಯಂಗಳಲ್ಲಿ ಆ ಕೆಲಸ ನೈಟ್ರೊಸ್ಪೈರಾದ್ದು ಎಂದು 1998ರಲ್ಲಿ ತಿಳಿಯಿತು. ಅವುಗಳಲ್ಲಿ ಕೆಲವು ಎರಡೂ ಹಂತವನ್ನು ಒಂಟಿಯಾಗಿಯೇ ಮುಗಿಸಬಲ್ಲವು ಎಂಬುದು ಗೊತ್ತಾದದ್ದು 2015ರಲ್ಲಿ. ಮನೆಯ ಗಾಜಿನ ತೊಟ್ಟಿಯಲ್ಲಿ ನಡೆಯುವುದನ್ನು ತಿಳಿಯಲು ಅಷ್ಟು ಕಾಲ ಹಿಡಿದಿದೆ.

ಕಾಯುವ ಆ ದಿನಗಳಲ್ಲಿ ಬೆಳಿಗ್ಗೆ ಇಬ್ಬರೂ ಹಲಸೂರು ಕೆರೆಯ ದಂಡೆಗೆ ಹೋಗುತ್ತಿದ್ದೆವು. ನೂರಿಪ್ಪತ್ತು ಎಕರೆಗೂ ಮಿಗಿಲಾದ ನೀರು, ನಡುವೆ ಮರ ತುಂಬಿದ ನಡುಗಡ್ಡೆಗಳು, ಆಚೆ ದಡದಲ್ಲಿ ಗುರುದ್ವಾರದ ಬಿಳಿ ಗುಮ್ಮಟ, ರೆಕ್ಕೆ ಹರಡಿ ಬಿಸಿಲಿಗೆ ಒಡ್ಡಿದ ನೀರುಕಾಗೆ. 2016ರ ಮಾರ್ಚ್‌ನಲ್ಲಿ ಈ ದಂಡೆಯುದ್ದಕ್ಕೂ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದ್ದನ್ನು ಅವಳಿಗೆ ಹೇಳಿದೆ. ಕೆರೆಯ ಕೆಸರಿನಲ್ಲಿ, ಕಲ್ಲಿನಲ್ಲಿ, ಜೊಂಡಿನ ಬೇರಿನಲ್ಲಿ ಇದೇ ಬಳಗ ತಲೆತಲಾಂತರದಿಂದ ಇದೆ. ಆದರೆ ಒಂದು ಗ್ರಾಂ ಅಮೋನಿಯಾ-ನೈಟ್ರೋಜನ್ ಅರಗಿಸಲು ಅವಕ್ಕೆ ನಾಲ್ಕೂವರೆ ಗ್ರಾಮಿಗೂ ಹೆಚ್ಚು ಆಮ್ಲಜನಕ ಬೇಕು. ಬಡಾವಣೆಗಳ ಕೊಳಚೆ ಅಳತೆ ಮೀರಿ ಸುರಿದಾಗ, ಬೇಸಿಗೆಯಲ್ಲಿ ನೀರು ಕಾದಾಗ, ಆ ಆಮ್ಲಜನಕ ಉಳಿಯುವುದಿಲ್ಲ. ಮೀನೂ ಉಸಿರುಗಟ್ಟುತ್ತದೆ, ಅದನ್ನು ಕಾಯುವವರೂ ಉಸಿರುಗಟ್ಟುತ್ತಾರೆ.

“ನಾವು ತೂಕ ಮಾಡಿ ಹಾಕ್ತೀವಲ್ಲಪ್ಪಾ,” ಅಂದಳು ಮಗಳು. “ಇಲ್ಲಿ ಯಾರೂ ತೂಕ ಮಾಡಲ್ವಾ?”

ಉತ್ತರ ಕೊಡಲಾಗದೆ ನೀರನ್ನೇ ನೋಡುತ್ತಾ ನಿಂತೆ.

ಹತ್ತೊಂಬತ್ತನೆಯ ಸಂಜೆ ಒಂದು ನಳಿಕೆ ಹಳದಿ, ಇನ್ನೊಂದು ನೀಲಿ. ನಂಬಲಾರದೆ ಮತ್ತೆ ಪುಡಿ ಹಾಕಿದೆವು. ಮರುದಿನ ಅದೇ ಹೊತ್ತಿಗೆ, ಇಪ್ಪತ್ನಾಲ್ಕು ಗಂಟೆಯೊಳಗೆ, ಬಡಿಸಿದ್ದೆಲ್ಲ ಖಾಲಿ. ಮತ್ತೆ ಹಳದಿ, ಮತ್ತೆ ನೀಲಿ. ಸೇರಿಕೊಂಡಿದ್ದ ನೈಟ್ರೇಟ್ ಇಳಿಯಲೆಂದು ಅರ್ಧಕ್ಕೂ ಹೆಚ್ಚು ನೀರು ಬದಲಿಸಿ, ಬಳಗ ಉಪವಾಸ ಬೀಳದಂತೆ ಮರುದಿನವೇ ಶಿವಾಜಿನಗರಕ್ಕೆ ಓಡಿದೆವು. ಭಾಯ್ ಎರಡೂ ನಳಿಕೆಗಳ ಫೋಟೋ ನೋಡಿ ತಲೆದೂಗಿ, ಆರು ಜೀಬ್ರಾ ಮೀನುಗಳನ್ನು ಆರಿಸಿ ಹಿಡಿದುಕೊಟ್ಟರು. ನಮ್ಮ ದೇಶದ ತೊರೆಗಳ ಗಟ್ಟಿಮುಟ್ಟು ಮೀನು. ಮೊದಲು ಇಷ್ಟೇ, ಮಿಕ್ಕದ್ದು ಮುಂದಿನ ತಿಂಗಳು ಅಂದರು.

ಚೀಲವನ್ನು ಅರ್ಧ ಗಂಟೆ ತೇಲಿಬಿಟ್ಟು, ಲೋಟದಿಂದ ಸ್ವಲ್ಪ ಸ್ವಲ್ಪವೇ ಟ್ಯಾಂಕ್‌ನ ನೀರು ಬೆರೆಸಿ, ಕೊನೆಗೆ ಬಲೆಯಿಂದ ಬಿಟ್ಟೆವು. ಆರೂ ಒಂದು ಕ್ಷಣ ಮೂಲೆಯಲ್ಲಿ ಗುಂಪುಗೂಡಿದವು. ನಂತರ ಒಂದು ಹೊರಟಿತು, ಹಿಂದೆಯೇ ಐದು, ನೀಲಿ ಪಟ್ಟೆಗಳು ದೀಪದಡಿ ಮಿಂಚಿದವು. ಮಗಳು ಅವತ್ತು ಟ್ಯಾಂಕ್ ಮುಂದೆಯೇ ಚಾಪೆ ಹಾಸಿಕೊಂಡು ಮಲಗಿದಳು.

ಮೂರನೆಯ ದಿನ ಯಾವ ಮೀನೂ ಮೇಲೆ ಬಂದು ಬಾಯಿ ತೆರೆಯಲಿಲ್ಲ. ಐದನೆಯ ದಿನವೂ.

ಎರಡು ತಿಂಗಳ ಮೇಲೆ ಎದುರು ಮನೆಯ ಹುಡುಗನೂ ಟ್ಯಾಂಕ್ ತಂದನಂತೆ. ಹುಣಸೆಹಣ್ಣು, ಸಕ್ಕರೆ, ಹೆಪ್ಪು ಇಸಿದುಕೊಳ್ಳಲು ಬರುತ್ತಿದ್ದವರ ಹಾಗೆ ಸಂಜೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎನ್ನುತ್ತಿದ್ದರು ಅಜ್ಜಿ. ಹೊರಗೆ ಇನ್ನೂ ಬೆಳಕಿತ್ತು. ಮಗಳು ತೋಳು ಮಡಚಿ, ಮೂಲೆಗೆ ಕೈಯಿಳಿಸಿ, ಸ್ಪಂಜನ್ನು ಮೇಲೆತ್ತಿದಳು. ಅದನ್ನು ಕತ್ತರಿಯಿಂದ ಎರಡು ಭಾಗ ಮಾಡಿ, ಒಂದನ್ನು ಅವನ ಬಟ್ಟಲಿಗೆ ಹಾಕಿ, ಅದರ ಮೇಲೆ ಟ್ಯಾಂಕ್‌ನ ನೀರು ಸುರಿದಳು.

“ನಲ್ಲಿ ಕೆಳಗೆ ತೊಳೀಬೇಡ,” ಅಂದಳು.