ಪದಬಂಧ: ದೆಹಲಿಗೆ ಬಂದ ಅಪ್ಪ-ಅಮ್ಮನ ಮಿದುಳಿಗೆ ದಿನದ ವ್ಯಾಯಾಮ



ಊರಿನಿಂದ ಅಪ್ಪ-ಅಮ್ಮನನ್ನು ನೋಯ್ಡಾಗೋ ಗುರುಗ್ರಾಮಕ್ಕೋ ದ್ವಾರಕಾಗೋ ಕರೆತಂದಿದ್ದೀರಾ? ನೀವು ಆಫೀಸಿಗೆ, ಮಕ್ಕಳು ಶಾಲೆಗೆ. ಹೊರಗೆಲ್ಲ ಹಿಂದಿ. ನವೆಂಬರ್ ಬಂದರೆ ಹೊಗೆಮಂಜು, ವಾಕಿಂಗೂ ನಿಂತಿತು. ದಿನವಿಡೀ ಕನ್ನಡದಲ್ಲಿ ನಾಲ್ಕು ಮಾತಿಲ್ಲದೆ ಕೂರುವ ಹಿರಿಯರಿಗೆ ಒಂದು ಸುಲಭ ಅಭ್ಯಾಸವಿದೆ: ಪತ್ರಿಕೆಯ ಪದಬಂಧ.

*ಮಿದುಳಿಗೆ ಏನು ಕೆಲಸ?*
ಒಂದು ಸುಳಿವು ನೋಡಿ: "ಕೆಸುವಿನೆಲೆಯ ತಿಂಡಿ (3)". ಉತ್ತರ, ಪತ್ರೊಡೆ. ಕನ್ನಡ ಪದಬಂಧದಲ್ಲಿ ಒತ್ತಕ್ಷರಕ್ಕೂ ಒಂದೇ ಮನೆ: ಪ, ತ್ರೊ, ಡೆ. ಇದಕ್ಕಾಗಿ ಹಳೆಯ ನೆನಪು ಹುಡುಕಬೇಕು, ಅಕ್ಷರ ಎಣಿಸಬೇಕು, ಅಡ್ಡ ಬರುವ ಪದಕ್ಕೆ ಹೊಂದಿಸಬೇಕು. ಇನ್ನೊಂದು: "ತಿರುಗಿಸಿದ ಸರ ಕಬ್ಬಿನಲ್ಲಿ (2)". ರಸ! ಇಲ್ಲಿ ಅರ್ಥ ಬಿಟ್ಟು ಅಕ್ಷರ ತಿರುಗಿಸಬೇಕು.

ಒಂದೇ ವಿಷಯದ ಪದಬಂಧವಾದರೆ ಇನ್ನೂ ಚೆನ್ನ. ಒಂದು ಉತ್ತರ ಮತ್ತೊಂದನ್ನು ನೆನಪಿಗೆ ತರುತ್ತದೆ. ಸಾವಿರಾರು ಕನ್ನಡ ಪದಬಂಧ ರಚಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ ಅ.ನಾ. ಪ್ರಹ್ಲಾದರಾವ್ ಅವರು ಸಿನಿಮಾ ಪದಬಂಧಗಳನ್ನೂ ರಚಿಸಿದ್ದಾರೆ. ಹಳೆಯ ಚಿತ್ರಗಳನ್ನು ನೋಡಿ ಬೆಳೆದವರಿಗೆ ಅದು ಹಬ್ಬ.

*ಸಂಶೋಧನೆ ಏನು ಹೇಳುತ್ತದೆ?*
ಅಮೆರಿಕದ ಕೊಲಂಬಿಯಾ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೌಮ್ಯ ಮರೆವಿನ 107 ಜನರಿದ್ದರು. ಕೆಲವರಿಗೆ ಪದಬಂಧ, ಉಳಿದವರಿಗೆ ಕಂಪ್ಯೂಟರ್ ಆಟ. 78 ವಾರಗಳ ನಂತರ ಪದಬಂಧದವರ ಫಲಿತಾಂಶ ಸ್ವಲ್ಪ ಉತ್ತಮವಾಗಿತ್ತು. ಆದರೆ ನೆನಪಿಡಿ, ಪದಬಂಧ ಔಷಧಿಯಲ್ಲ. ಡಿಮೆನ್ಷಿಯಾ ಬರುವುದೇ ಇಲ್ಲ ಎಂಬ ಭರವಸೆಯನ್ನೂ ಕೊಡುವುದಿಲ್ಲ. ಬಿಪಿ, ಶುಗರ್ ಹತೋಟಿ, ನಡಿಗೆ, ಒಳ್ಳೆಯ ನಿದ್ದೆ, ಕಿವಿ ಕೇಳಿಸದಿದ್ದರೆ ಶ್ರವಣ ಸಾಧನ, ಇವೆಲ್ಲ ಬೇಕೇ ಬೇಕು.

*ಹೀಗೆ ಮಾಡಿ*
✅ ಕನ್ನಡ ಪತ್ರಿಕೆಯ ಇ-ಪೇಪರ್‌ನಿಂದ ಪದಬಂಧವನ್ನು ದೊಡ್ಡದಾಗಿ ಪ್ರಿಂಟ್ ತೆಗೆದುಕೊಡಿ.
✅ ಸಂಜೆ ಮೊಮ್ಮಕ್ಕಳನ್ನು ಜೊತೆಗೆ ಕೂರಿಸಿ. "ಅಜ್ಜಿ, ಪತ್ರೊಡೆ ಅಂದ್ರೇನು?" ಎಂದು ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ.
✅ ತಪ್ಪಾದರೆ ನಗಬೇಡಿ, ಉತ್ತರ ಹೇಳಲು ಅವಸರಪಡಬೇಡಿ.
✅ ಇಷ್ಟವಿಲ್ಲದವರಿಗೆ ಒತ್ತಾಯ ಬೇಡ. ಅಂಥವರಿಗೆ ಗಾದೆ, ಒಗಟು, ಚೌಕಾಬಾರಾ ಇದ್ದೇ ಇದೆ.

*ಇದನ್ನು ಗಮನಿಸಿ ⚠️*
ದಿನವೂ ಪದಬಂಧ ತುಂಬುತ್ತಿದ್ದವರು ಈಗ ಸುಲಭದ ಸುಳಿವಿಗೂ ತಡವರಿಸುತ್ತಾರೆಯೇ? ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಾರೆಯೇ? ಸೊಸೈಟಿಯೊಳಗೇ ದಾರಿ ತಪ್ಪುತ್ತಾರೆಯೇ? "ವಯಸ್ಸಾಯ್ತು ಬಿಡಿ" ಎಂದು ಸುಮ್ಮನಿರಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರಬಹುದು, ಇವಕ್ಕೆ ಚಿಕಿತ್ಸೆಯಿದೆ. ವೈದ್ಯರಲ್ಲಿಗೆ ಜೊತೆಯಲ್ಲಿ ಹೋಗಿ. ಭಾಷೆ ಬಾರದ ಕಡೆ ಹಿರಿಯರ ಪರವಾಗಿ ಕಷ್ಟ ಹೇಳಬೇಕಾದವರು ನೀವೇ. ಮಾತು ಏಕಾಏಕಿ ತೊದಲಿದರೆ, ಬಾಯಿ ಸೊಟ್ಟಗಾದರೆ ಪಾರ್ಶ್ವವಾಯು ಇರಬಹುದು. ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇವತ್ತಿನ ಸುಳಿವು: "ಸಂಕ್ರಾಂತಿಗೆ ಬೀರುವುದು (4)". ಉತ್ತರ ನಾವು ಹೇಳುವುದಿಲ್ಲ, ಮನೆಯಲ್ಲಿ ಅಮ್ಮನನ್ನು ಕೇಳಿ. ಅಮ್ಮ ಊರಿನಲ್ಲೇ ಇದ್ದರೆ ಈಗಲೇ ಒಂದು ಫೋನ್ ಮಾಡಿ. 🙏

ನಿಮ್ಮ ಕನ್ನಡ ಬಳಗಕ್ಕೂ ಕಳುಹಿಸಿ.